ಆ್ಯಪಿನ ಗಂಟು ಕಟ್ಟುವ ಬಗೆ

ಅಂಗಡಿಯಿಂದ ಬಂದ ಸಾಮಾನಿನ ಪೊಟ್ಟಣವನ್ನು ಬಿಚ್ಚಿ, ಆರಿಸಿ, ಕೇರಿದ ಬಳಿಕವೇ ನಮ್ಮ ತಾಯಂದಿರು ಡಬ್ಬಿಗೆ ತುಂಬುತ್ತಾರೆ. ಅದೇ ಮನೆಯ ಮೊಬೈಲಿಗೆ ಆಗಾಗ ಬಂದಿಳಿಯುವ ಆ್ಯಪುಗಳ ವಿಷಯದಲ್ಲಿ ಮಾತ್ರ ಯಾರೂ ಈ ಎಚ್ಚರಿಕೆ ವಹಿಸುವುದಿಲ್ಲ. ಒಂದು ಆ್ಯಪು ಹತ್ತು ಮೆಗಾಬೈಟು ತೂಗುವಾಗ ಹೆಚ್ಚುಕಡಿಮೆ ಅದೇ ಕೆಲಸವನ್ನು ಮಾಡುವ ಇನ್ನೊಂದು ನೂರು ಮೆಗಾಬೈಟು ತೂಗುವುದೇಕೆ? ಆ ಗಂಟಿನೊಳಗೆ ಇರುವುದಾದರೂ ಏನು? ಅದನ್ನು ಲೋಕಕ್ಕೆ ಬಿಡುವ ಮೊದಲು ಯಾರು, ಹೇಗೆ ಹದಗೊಳಿಸುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರವನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ.

ಇದು ಯಂತ್ರಜ್ಞರಿಗೆ ಮಾತ್ರ ಸಂಬಂಧಪಟ್ಟ ವಿಚಾರವೆಂದು ಯಾರೂ ಭಾವಿಸಬಾರದು. ಮನೆಗೆಲ್ಲ ಒಂದೇ ಮೊಬೈಲು, ಅದೂ ಹಳೆಯದು, ಅದು ಮಗುವಿನ ಕೈಗೆ ಬರುವುದು ತಂದೆ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ಎಂಬ ಸ್ಥಿತಿ ನಮ್ಮಲ್ಲಿ ಅಪರೂಪವಲ್ಲ. ೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿನ ಮೂಲಕವೇ ನಡೆಯಬೇಕಾಗಿ ಬಂದಾಗ, ಆ್ಯಪಿಗೆ ಜಾಗ ಸಾಲದೆಂಬ ಒಂದು ಸಾಲಿನ ಸೂಚನೆಯೇ ಎಷ್ಟೋ ಮಕ್ಕಳ ಪಾಲಿಗೆ ತರಗತಿಯ ಬಾಗಿಲನ್ನು ಮುಚ್ಚುವಂತಿತ್ತು. ಗಂಟಿನ ಗಾತ್ರ ಆರು ಮೆಗಾಬೈಟು ಹೆಚ್ಚಿದಂತೆಲ್ಲ ಅದನ್ನು ಸ್ಥಾಪಿಸಿಕೊಳ್ಳುವವರ ಪ್ರಮಾಣ ನೂರಕ್ಕೆ ಒಂದರಂತೆ ಇಳಿಯುತ್ತದೆಂದು ಗೂಗಲ್ ಪ್ಲೇ ಸಂಸ್ಥೆಯವರೇ ೨೦೧೭ರಲ್ಲಿ ಪ್ರಕಟಿಸಿದರು. ಹಾಗೆ ಬಿಟ್ಟುಹೋಗುವವರಲ್ಲಿ ಹಳೆಯ ಮೊಬೈಲಿನವರೇ ಮೊದಲಿಗರೆಂದು ಊಹಿಸಲು ವಿಶೇಷ ಪಾಂಡಿತ್ಯ ಬೇಕಿಲ್ಲ.

ಆಂಡ್ರಾಯ್ಡ್ ಮೊಬೈಲುಗಳಿಗೆ ಬರುವ ಆ್ಯಪಿನ ಗಂಟಿಗೆ ಎಪಿಕೆ ಎಂದು ಹೆಸರು. ಹೆಸರು ಹೊಸದಾದರೂ ಗಂಟು ಕಟ್ಟುವ ಕ್ರಮ ಹಳೆಯದೇ. ೧೯೮೯ರಲ್ಲಿ ಅಮೆರಿಕದ ಫಿಲ್ ಕಾಟ್ಸ್ ಎಂಬಾತನು ಬಳಕೆಗೆ ತಂದ ಜಿಪ್ ಎಂಬ ಕಟ್ಟೇ ಇದು. ಆದುದರಿಂದ ಜಿಪ್ ಕಟ್ಟನ್ನು ಬಿಚ್ಚಬಲ್ಲ ಯಾವ ಗಣಕಯಂತ್ರವಾದರೂ ಎಪಿಕೆಯನ್ನೂ ಬಿಚ್ಚಬಲ್ಲದು. ಬಿಚ್ಚಿದರೆ ಒಳಗೆ ಕಾಣುವುದು ಇಷ್ಟು: ಆ್ಯಪಿನ ಹೆಸರು, ಅದು ಬೇಡುವ ಅನುಮತಿಗಳು ಮೊದಲಾದವನ್ನು ಹೇಳುವ ಮ್ಯಾನಿಫೆಸ್ಟ್ ಎಂಬ ವಿವರಪತ್ರ, ಯಂತ್ರಕ್ಕೆ ಕೊಟ್ಟ ಆದೇಶಗಳನ್ನು ಒಳಗೊಂಡ ಡೆಕ್ಸ್ ಫೈಲುಗಳು, ಪರದೆಯ ಮೇಲೆ ಕಾಣುವ ಮಾತುಗಳನ್ನೂ ಬಣ್ಣಗಳನ್ನೂ ಪಟ್ಟಿಮಾಡಿಟ್ಟ ಒಂದು ಕೋಷ್ಟಕ, ಚಿತ್ರಗಳು, ಧ್ವನಿಗಳು, ಅಕ್ಷರವಿನ್ಯಾಸದ ಫಾಂಟುಗಳು, ಸಂಸ್ಕಾರಕದ ಸ್ವಂತ ಭಾಷೆಯಲ್ಲಿರುವ ಕೆಲವು ಗ್ರಂಥಾಲಯಗಳು, ಕೊನೆಗೆ, ಇದನ್ನೆಲ್ಲ ಕಟ್ಟಿದವರ ರುಜು. ಇಲ್ಲಿ ಗ್ರಂಥಾಲಯವೆಂದರೆ ಪುಸ್ತಕಗಳ ಮನೆಯಲ್ಲ. ಒಬ್ಬರು ಬರೆದಿಟ್ಟು ಹಲವರು ಎರವಲು ಪಡೆಯುವ ಆದೇಶಗಳ ಸಂಗ್ರಹವೆಂದು ತಿಳಿಯಬೇಕು.

ಗಂಟನ್ನು ಚಿಕ್ಕದು ಮಾಡಬೇಕೆನ್ನುವವನು ಮೊತ್ತಮೊದಲು ಮಾಡತಕ್ಕದ್ದು ಪ್ರತಿಯೊಂದು ವಸ್ತುವನ್ನೂ ತೂಗಿ ನೋಡುವುದು. ಆ್ಯಪು ತಯಾರಕರು ಬಳಸುವ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಪಿಕೆ ಅನಲೈಸರ್ ಎಂಬ ಉಪಕರಣವೇ ಇದಕ್ಕಾಗಿ ಇದೆ. ಯಾವುದು ಎಷ್ಟು ತೂಗುತ್ತದೆಂಬುದನ್ನು ಅದು ಪಟ್ಟಿಮಾಡಿ ತೋರಿಸುತ್ತದೆ. ಆದೇಶಗಳು ಹೆಚ್ಚಾಗಿ ಗಂಟು ದಪ್ಪವಾಯಿತೆಂದು ಕೊರಗುತ್ತಿದ್ದವನಿಗೆ, ಯಾರೂ ನೋಡದ ಮೂಲೆಯ ಒಂದು ಹಿನ್ನೆಲೆ ಚಿತ್ರವೇ ಅರ್ಧ ತೂಕವೆಂದು ಆಗ ತಿಳಿದುಬರುವುದುಂಟು.

ಇನ್ನು ಒತ್ತಿ ಚಿಕ್ಕದು ಮಾಡುವ ವಿದ್ಯೆ, ಎಂದರೆ ಸಂಕೋಚನ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದರ ಮೂಲತತ್ತ್ವ ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿಯೇ ಇದೆ. ಒಂದೇ ಊರಿನ ಇಪ್ಪತ್ತು ಮಕ್ಕಳ ಹೆಸರುಗಳು ಒಂದರ ಕೆಳಗೊಂದು ಬಂದಾಗ ಗುಮಾಸ್ತರು ಊರಿನ ಹೆಸರನ್ನು ಮೊದಲ ಸಾಲಿನಲ್ಲಿ ಬರೆದು, ಉಳಿದ ಹತ್ತೊಂಬತ್ತು ಸಾಲುಗಳಲ್ಲಿ ‘ಸದರಿ’ ಎಂದಷ್ಟೇ ಬರೆಯುತ್ತಾರೆ. ಓದುವವನಿಗೆ ಯಾವ ಸಂಶಯವೂ ಉಳಿಯುವುದಿಲ್ಲ. ಶಾಯಿಯೂ ಕಾಲವೂ ಉಳಿಯುತ್ತವೆ. ೧೯೭೭ರಲ್ಲಿ ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ವಿಧಾನ ಇದರ ಬೆಳೆದ ರೂಪವೇ. ಬರೆಯಬೇಕಾದ ಭಾಗವು ಹಿಂದೆಯೇ ಒಮ್ಮೆ ಬಂದಿದ್ದರೆ, ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಅಕ್ಷರಗಳನ್ನು ನಕಲು ಮಾಡಿಕೋ ಎಂಬ ಎರಡು ಅಂಕಿಗಳನ್ನು ಬರೆದರೆ ಸಾಕು. ಜಿಪ್ ಕಟ್ಟಿನಲ್ಲಿ ಬಳಸುವ ಡಿಫ್ಲೇಟ್ ಕ್ರಮದಲ್ಲಿ ಹೀಗೆ ೩೨,೭೬೮ ಬೈಟುಗಳಷ್ಟು ಹಿಂದಕ್ಕೆ ಹೋಗಬಹುದು. ಒಮ್ಮೆಗೆ ಹೆಚ್ಚೆಂದರೆ ೨೫೮ ಬೈಟುಗಳನ್ನು ನಕಲು ಮಾಡಬಹುದು.

ಡಿಫ್ಲೇಟಿನ ಉಳಿದರ್ಧ ಒಬ್ಬ ವಿದ್ಯಾರ್ಥಿಯ ಕೊಡುಗೆ. ೧೯೫೧ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ರಾಬರ್ಟ್ ಫಾನೊ ಎಂಬ ಪ್ರಾಧ್ಯಾಪಕರು ತಮ್ಮ ತರಗತಿಯವರಿಗೆ, ಅಂತಿಮ ಪರೀಕ್ಷೆ ಬರೆಯಿರಿ, ಇಲ್ಲವೇ ಒಂದು ಪ್ರಬಂಧ ಬರೆಯಿರಿ ಎಂದು ಆಯ್ಕೆ ಕೊಟ್ಟರು. ಪ್ರಬಂಧದ ಸಮಸ್ಯೆ: ಹೆಚ್ಚಾಗಿ ಬರುವ ಅಕ್ಷರಕ್ಕೆ ಚಿಕ್ಕ ಗುರುತನ್ನೂ ಅಪರೂಪದ ಅಕ್ಷರಕ್ಕೆ ಉದ್ದನೆಯ ಗುರುತನ್ನೂ ಕೊಟ್ಟು, ಒಟ್ಟು ಬರವಣಿಗೆಯನ್ನು ಅತ್ಯಂತ ಚಿಕ್ಕದಾಗಿಸುವುದು ಹೇಗೆ? ತಂತಿಯ ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ‘ಇ’ ಅಕ್ಷರಕ್ಕೆ ಒಂದೇ ಚುಕ್ಕಿಯನ್ನಿಟ್ಟವರ ಯೋಚನೆಯೂ ಇದೇ ಆಗಿತ್ತು. ಆದರೆ ಇದಕ್ಕಿಂತ ಚಿಕ್ಕದು ಸಾಧ್ಯವೇ ಇಲ್ಲವೆಂದು ಸಿದ್ಧಪಡಿಸುವ ಮಾರ್ಗ ಫಾನೊ ಅವರಿಗೂ ದೊರೆತಿರಲಿಲ್ಲ. ಪರೀಕ್ಷೆಯ ಬದಲು ಪ್ರಬಂಧವನ್ನು ಆರಿಸಿಕೊಂಡ ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಆ ಮಾರ್ಗವನ್ನು ಕಂಡುಹಿಡಿದನು. ಅದು ೧೯೫೨ರಲ್ಲಿ ಪ್ರಕಟವಾಯಿತು. ಇಂದು ನಿಮ್ಮ ಮೊಬೈಲಿಗೆ ಬರುವ ಎಪಿಕೆಗಳಲ್ಲಿ ಆ ವಿದ್ಯಾರ್ಥಿಯ ಉತ್ತರ ದುಡಿಯುತ್ತಿದೆ. (ಪರೀಕ್ಷೆ ತಪ್ಪಿಸಿಕೊಳ್ಳಲು ಇದೊಂದು ದಾರಿಯೆಂದು ಯಾರೂ ಇದನ್ನು ಉದಾಹರಿಸಬೇಕಾಗಿಲ್ಲ.)

ಆದರೆ ಸಂಕೋಚನಕ್ಕೊಂದು ಮಿತಿಯುಂಟು. ಒಮ್ಮೆ ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ನೀರು ಬಾರದು. ಜೆಪೆಗ್ ಚಿತ್ರ, ಎಂಪಿ೩ ಹಾಡು ಇವೆಲ್ಲ ಮೊದಲೇ ಹಿಂಡಿದವು. ಆದುದರಿಂದ ಅವುಗಳನ್ನು ಗಂಟಿಗೆ ಸೇರಿಸುವ ಮೊದಲೇ ಯೋಗ್ಯ ಅಳತೆಗೆ ತರಬೇಕು. ನಾಲ್ಕು ಸಾವಿರ ಚುಕ್ಕಿ ಅಗಲ, ಮೂರು ಸಾವಿರ ಚುಕ್ಕಿ ಎತ್ತರದ ಭಾವಚಿತ್ರದಲ್ಲಿ ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿಗಳು. ಏಳುನೂರ ಇಪ್ಪತ್ತು ಚುಕ್ಕಿ ಅಗಲದ ಪರದೆಯ ಮೂಲೆಯಲ್ಲಿ ತೋರಿಸುವುದಕ್ಕೆ ಅಷ್ಟು ದೊಡ್ಡದನ್ನು ಕಳುಹಿಸುವವನ ಜಾಣತನವನ್ನು ಏನೆನ್ನೋಣ! ಗೂಗಲ್ ಸಂಸ್ಥೆಯವರು ೨೦೧೦ರಲ್ಲಿ ಪ್ರಕಟಿಸಿದ ವೆಬ್‌ಪಿ ಎಂಬ ಚಿತ್ರಕ್ರಮ ಈ ಕೆಲಸಕ್ಕೆ ಬಹಳ ಅನುಕೂಲ. ಗೆರೆಗಳಿಂದಾದ ಚಿಕ್ಕ ಚಿಹ್ನೆಗಳಿಗೆ ಚುಕ್ಕಿಚಿತ್ರವೇ ಬೇಡ. ಇಲ್ಲಿಂದ ಇಲ್ಲಿಗೆ ಗೆರೆ ಎಳೆ ಎಂಬ ವಿವರಣೆಯನ್ನು ಬರೆದಿಟ್ಟರೆ ಮೊಬೈಲು ತಾನೇ ಬಿಡಿಸಿಕೊಳ್ಳುತ್ತದೆ.

ಧ್ವನಿಯ ಲೆಕ್ಕವನ್ನು ಎಂಟನೆಯ ತರಗತಿಯವರು ತಾವೇ ಮಾಡಬಹುದು. ಅಡಕಮುದ್ರಿಕೆಯ ಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ ೪೪,೧೦೦ ಮಾದರಿಗಳು, ಪ್ರತಿ ಮಾದರಿಗೆ ಎರಡು ಬೈಟು, ಎಡ ಬಲವೆಂದು ಎರಡು ವಾಹಿನಿಗಳು. ಗುಣಿಸಿದರೆ ಸೆಕೆಂಡಿಗೆ ೧,೭೬,೪೦೦ ಬೈಟು. ನಿಮಿಷಕ್ಕೆ ೧,೦೫,೮೪,೦೦೦ ಬೈಟು, ಎಂದರೆ ಹತ್ತು ಮೆಗಾಬೈಟಿಗೂ ಮಿಗಿಲು. ಅದೇ ಒಂದು ನಿಮಿಷದ ಪದ್ಯವಾಚನವನ್ನು ಓಪಸ್ ಎಂಬ ಕ್ರಮದಲ್ಲಿ ಸೆಕೆಂಡಿಗೆ ೨೪,೦೦೦ ಬಿಟ್ಟುಗಳಂತೆ ಇಟ್ಟರೆ ೧,೮೦,೦೦೦ ಬೈಟುಗಳಲ್ಲಿ ಮುಗಿಯುತ್ತದೆ. ಮಾತಿನ ಸ್ಪಷ್ಟತೆಗೆ ಅಷ್ಟು ಸಾಕಾಗುತ್ತದೆ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಆದೇಶಗಳನ್ನು ಶೋಧಿಸುವ ಕೆಲಸ ಇದಕ್ಕಿಂತ ಸೂಕ್ಷ್ಮವಾದುದು. ಇಂದು ಯಾವ ತಯಾರಕನೂ ಎಲ್ಲ ಆದೇಶಗಳನ್ನೂ ತಾನೇ ಬರೆಯುವುದಿಲ್ಲ. ಗ್ರಂಥಾಲಯಗಳಿಂದ ಎರವಲು ತರುತ್ತಾನೆ. ಬೇಕಾದುದು ಒಂದು ಸೌಟು, ಬರುವುದು ಇಡೀ ಪಾತ್ರೆಯಂಗಡಿ. ಬೇಡವಾದುದನ್ನು ಕಿತ್ತುಹಾಕುವುದಕ್ಕೆ ಎರಿಕ್ ಲಾಫೋರ್ಚ್ಯೂನ್ ಎಂಬುವರು ೨೦೦೨ರಲ್ಲಿ ಪ್ರೊಗಾರ್ಡ್ ಎಂಬ ಉಪಕರಣವನ್ನು ರಚಿಸಿದರು. ೨೦೧೯ರಿಂದ ಆಂಡ್ರಾಯ್ಡ್ ತಯಾರಿಕೆಯಲ್ಲಿ ಆ ಸ್ಥಾನಕ್ಕೆ ಗೂಗಲಿನ ಆರ್೮ ಎಂಬುದು ಬಂದಿದೆ.

ಅದರ ಕೆಲಸವನ್ನು ಯಕ್ಷಗಾನದ ದೃಷ್ಟಾಂತದಿಂದ ತಿಳಿಯಬಹುದು. ಇಂದಿನ ರಾತ್ರಿಯ ಪ್ರಸಂಗ ಯಾವುದೆಂದು ಗೊತ್ತಾದರೆ ಯಾವ ವೇಷಗಳು ಬೇಕೆಂದು ಗೊತ್ತಾಗುತ್ತದೆ. ಮೊದಲು ರಂಗಕ್ಕೆ ಬರುವ ಪಾತ್ರ ಯಾರು, ಅವನು ಯಾರನ್ನು ಕರೆಯುತ್ತಾನೆ, ಅವರು ಮತ್ತೆ ಯಾರನ್ನು ಕರೆಯುತ್ತಾರೆ ಎಂದು ಎಳೆ ಹಿಡಿದು ಹೋದರೆ ಪಟ್ಟಿ ಪೂರ್ಣವಾಗುತ್ತದೆ. ಪಟ್ಟಿಯಲ್ಲಿ ಇಲ್ಲದವನ ಕಿರೀಟ, ಭುಜಕೀರ್ತಿಗಳನ್ನು ಪೆಟ್ಟಿಗೆಗೆ ತುಂಬಬೇಕಾಗಿಲ್ಲ. ಆರ್೮ ಸಹ ಹಾಗೆಯೇ ಆ್ಯಪಿನ ಪ್ರವೇಶದ್ವಾರದಿಂದ ಹೊರಟು, ಯಾವ ಆದೇಶವು ಯಾವುದನ್ನು ಕರೆಯುತ್ತದೆಂದು ಎಳೆ ಹಿಡಿದು, ಯಾರೂ ಕರೆಯದವುಗಳನ್ನು ಕಳೆಯುತ್ತದೆ. ಉಳಿದವುಗಳ ಉದ್ದನೆಯ ಹೆಸರುಗಳನ್ನು ಒಂದೆರಡು ಅಕ್ಷರಗಳಿಗೆ ಇಳಿಸುತ್ತದೆ. ಯಾರೂ ಕೇಳದ ಚಿತ್ರಗಳನ್ನು ಕಳೆಯುವ ಇನ್ನೊಂದು ಉಪಕರಣ ಇದರ ಬೆನ್ನಿಗೇ ಬರುತ್ತದೆ.

ತೊಡಕು ಇರುವುದು ಇಲ್ಲಿಯೇ. ಕೆಲವು ಪಾತ್ರಗಳನ್ನು ನೇರವಾಗಿ ಕರೆಯುವುದಿಲ್ಲ. ಆಟ ನಡೆಯುತ್ತಿರುವಾಗ ಯಾರೋ ತಂದ ಚೀಟಿಯಲ್ಲಿ ಹೆಸರು ನೋಡಿ ಕರೆಯುತ್ತಾರೆ. ಪಟ್ಟಿ ಮಾಡುವವನಿಗೆ ಈ ಚೀಟಿ ಕಾಣುವುದಿಲ್ಲ. ಪಾಠದ ಆ್ಯಪೊಂದು ಪ್ರಶ್ನೆಗಳನ್ನು ಹೊರಗಿನ ಫೈಲಿನಿಂದ ಓದಿಕೊಳ್ಳುತ್ತದೆಂದು ಭಾವಿಸಿರಿ. ಫೈಲಿನಲ್ಲಿ ‘ಉತ್ತರ’ ಎಂಬ ಹೆಸರಿದೆ. ಆರ್೮ ಆ ಹೆಸರಿನ ಭಾಗವನ್ನು ಕಿತ್ತಿದ್ದರೆ, ಅಥವಾ ಅದನ್ನು ‘ಎ’ ಎಂದು ಬದಲಿಸಿದ್ದರೆ, ಪ್ರಶ್ನೆ ಬರುತ್ತದೆ, ಉತ್ತರ ಬರುವುದಿಲ್ಲ. ತಯಾರಕನ ಮೇಜಿನ ಮೇಲೆ ಶೋಧನೆಯಿಲ್ಲದೆ ಓಡುತ್ತಿದ್ದ ಆ್ಯಪು ಬಿಡುಗಡೆಯಾದ ದಿನ ನಿಂತುಹೋಗುವುದು ಬಹುಮಟ್ಟಿಗೆ ಈ ಕಾರಣದಿಂದ. ಇದನ್ನು ತಡೆಯಲು, ಇಂತಿಂಥವನ್ನು ಮುಟ್ಟಬೇಡ ಎಂಬ ಕೀಪ್ ನಿಯಮಗಳನ್ನು ಬರೆಯಬೇಕು. ಹೆದರಿಕೆಯಿಂದ ಯಾವುದನ್ನೂ ಮುಟ್ಟಬೇಡ ಎಂದು ಬರೆಯುವವರೂ ಇದ್ದಾರೆ. ಆಗ ಶೋಧನೆಯ ಶಾಸ್ತ್ರವಾಯಿತೇ ಹೊರತು ತೂಕ ಇಳಿಯಲಿಲ್ಲ. ಯಾವ ಹೆಸರು ಯಾವುದಾಯಿತೆಂಬ ಪಟ್ಟಿಯನ್ನು ಆರ್೮ ಬರೆದುಕೊಡುತ್ತದೆ. ಮುಂದೆ ದೋಷ ತಲೆದೋರಿದಾಗ ಆ ಪಟ್ಟಿಯಿಲ್ಲದಿದ್ದರೆ ಯಾವ ಜಾಗದಲ್ಲಿ ಎಡವಿದ್ದೆಂದು ತಿಳಿಯುವುದು ಕಷ್ಟವಾದ್ದರಿಂದ ಅದನ್ನು ಜೋಪಾನವಾಗಿಡಬೇಕು.

ಇಲ್ಲಿಯವರೆಗೆ ಗಂಟನ್ನು ಚಿಕ್ಕದು ಮಾಡುವ ಮಾತಾಯಿತು. ಮುಂದಿನ ಹಂತದಲ್ಲಿ ಗಂಟು ತುಸು ದೊಡ್ಡದಾಗುತ್ತದೆ! ಪಠ್ಯಪುಸ್ತಕದಲ್ಲಿ ಪ್ರತಿಯೊಂದು ಪಾಠವೂ ಹೊಸ ಪುಟದ ತಲೆಯಲ್ಲಿ ಆರಂಭವಾಗುವುದನ್ನು ನೋಡಿದ್ದೀರಿ. ಹಿಂದಿನ ಪಾಠ ಪುಟದ ನಡುವೆ ಮುಗಿದರೆ ಉಳಿದ ಜಾಗ ಖಾಲಿ. ಪುಸ್ತಕ ನಾಲ್ಕು ಪುಟ ಹೆಚ್ಚಾಯಿತು ನಿಜ, ಆದರೆ ಬೇಕಾದ ಪಾಠವನ್ನು ಕೂಡಲೇ ತೆರೆದು ಓದಬಹುದು. ಜಿಪ್‌ಅಲೈನ್ ಎಂಬ ಉಪಕರಣ ಮಾಡುವುದು ಇದನ್ನೇ. ಗಂಟಿನೊಳಗೆ ಒತ್ತದೆ ಹಾಗೆಯೇ ಇಟ್ಟ ಫೈಲುಗಳ ನಡುವೆ ಬೇಕಾದಷ್ಟು ಖಾಲಿ ಬೈಟುಗಳನ್ನು ತುಂಬಿ, ಪ್ರತಿಯೊಂದೂ ನಾಲ್ಕರಿಂದ ಭಾಗವಾಗುವ ಸ್ಥಾನದಲ್ಲಿ ಆರಂಭವಾಗುವಂತೆ ಅದು ಹೊಂದಿಸುತ್ತದೆ. ಹಾಗೆ ಹೊಂದಿಸಿದುದನ್ನು ಮೊಬೈಲು ಬೇರೆಡೆಗೆ ನಕಲು ಮಾಡದೆ ಇದ್ದಲ್ಲಿಯೇ ಓದಿಕೊಳ್ಳುತ್ತದೆ. ಚಾಲ್ತಿಯ ಸ್ಮರಣೆ, ಎಂದರೆ ರ್ಯಾಮ್, ಉಳಿಯುತ್ತದೆ. ಈ ಅನುಕೂಲಕ್ಕಾಗಿಯೇ ಆಂಡ್ರಾಯ್ಡ್ ೧೧ನ್ನು ಗುರಿಯಾಗಿಟ್ಟುಕೊಂಡ ಆ್ಯಪುಗಳಿಂದ ಮೊದಲ್ಗೊಂಡು, ಮಾತುಗಳ ಕೋಷ್ಟಕವನ್ನು ಒತ್ತದೆ ಹಾಗೂ ನಾಲ್ಕರ ಸ್ಥಾನದಲ್ಲಿಯೇ ಇಡಬೇಕೆಂದು ಕಡ್ಡಾಯವಾಯಿತು.

ಸಂಸ್ಕಾರಕದ ಭಾಷೆಯ ಗ್ರಂಥಾಲಯಗಳಿಗೆ ನಾಲ್ಕು ಸಾಲದು; ಅವು ಸ್ಮರಣೆಯ ಪುಟದ ಗಡಿಯಲ್ಲಿ ಆರಂಭವಾಗಬೇಕು. ಈ ಪುಟ ಬಹುಕಾಲ ೪,೦೯೬ ಬೈಟುಗಳದ್ದಾಗಿತ್ತು. ೨೦೨೪ರ ಆಂಡ್ರಾಯ್ಡ್ ೧೫ರೊಂದಿಗೆ ೧೬,೩೮೪ ಬೈಟುಗಳ ಪುಟಕ್ಕೂ ಅವಕಾಶವಾಯಿತು. ಆ ಆವೃತ್ತಿಯನ್ನು ಅಥವಾ ಅದಕ್ಕೂ ಮುಂದಿನದನ್ನು ಗುರಿಯಾಗಿಟ್ಟುಕೊಂಡ ಆ್ಯಪುಗಳು ೨೦೨೫ರ ನವೆಂಬರ್ ೧ರಿಂದ ದೊಡ್ಡ ಪುಟಕ್ಕೂ ಹೊಂದಿಕೊಳ್ಳಬೇಕೆಂದು ಗೂಗಲ್ ಪ್ಲೇ ನಿಯಮ ಮಾಡಿತು.

ಗ್ರಂಥಾಲಯಗಳ ವಿಷಯದಲ್ಲಿ ಇನ್ನೂ ಒಂದು ವಿಚಿತ್ರವಿದೆ. ಅವುಗಳನ್ನು ಗಂಟಿನಲ್ಲಿ ಒತ್ತಿ ಇಟ್ಟರೆ ಗಂಟು ಚಿಕ್ಕದಾಗಿ ಕಾಣುತ್ತದೆ. ಆದರೆ ಮೊಬೈಲಿಗೆ ಬಂದ ಬಳಿಕ ಅವುಗಳನ್ನು ಬಿಚ್ಚಿ ಮತ್ತೊಂದು ಪ್ರತಿಯನ್ನು ಹೊರಗೆ ಇಡಬೇಕಾಗುತ್ತದೆ. ಗಂಟಿನೊಳಗಿನ ಪ್ರತಿ ಗಂಟಿನಲ್ಲಿಯೇ ಉಳಿಯುತ್ತದೆ. ಒಂದು ವಸ್ತುವಿಗೆ ಎರಡು ಜಾಗ! ಒತ್ತದೆ ಇಟ್ಟರೆ ೨೦೧೫ರ ಆಂಡ್ರಾಯ್ಡ್ ೬ರಿಂದೀಚಿನ ಮೊಬೈಲುಗಳು ಗಂಟಿನೊಳಗಿಂದಲೇ ಅದನ್ನು ಬಳಸುತ್ತವೆ. ಮಾರ್ಗದಲ್ಲಿ ಬರುವಾಗ ಗೂಗಲ್ ಪ್ಲೇ ಹೇಗೂ ಒತ್ತಿಯೇ ಕಳುಹಿಸುವುದರಿಂದ ದತ್ತಾಂಶದ ಖರ್ಚೂ ಬೆಳೆಯುವುದಿಲ್ಲ. ದಾರಿಯ ಖರ್ಚು, ಮನೆಯಲ್ಲಿ ಹಿಡಿಯುವ ಜಾಗ, ಕೆಲಸದ ಹೊತ್ತಿನ ಶ್ರಮ ಈ ಮೂರೂ ಬೇರೆ ಬೇರೆ ಲೆಕ್ಕಗಳು. ಒಂದರ ಉಳಿತಾಯ ಇನ್ನೊಂದರ ನಷ್ಟವಾಗಬಹುದು. ಗಂಟಿನ ಅಂಕಿಯೊಂದನ್ನೇ ನೋಡಿ ಹಿಗ್ಗುವ ತಯಾರಕನು ಇದನ್ನು ಮರೆಯುತ್ತಾನೆ.

ಎಲ್ಲ ಹೊಂದಿಸಿಯಾದ ಬಳಿಕ ರುಜು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕಟ್ಟಿಗೆ ಅರಗಿನ ಮುದ್ರೆ ಒತ್ತಿದ ಮೇಲೆ ಅದರೊಳಗೆ ಒಂದು ಹಾಳೆಯನ್ನು ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. ೨೦೧೬ರ ಆಂಡ್ರಾಯ್ಡ್ ೭ರೊಂದಿಗೆ ಬಂದ ರುಜುವಿನ ಕ್ರಮವೂ ಅಷ್ಟೇ ಕಟ್ಟುನಿಟ್ಟಿನದು. ಅದು ಇಡೀ ಗಂಟಿನ ಲೆಕ್ಕವನ್ನು ತೆಗೆದು ಮುದ್ರೆ ಒತ್ತುತ್ತದೆ. ಆಮೇಲೆ ಒಂದು ಬೈಟು ಬದಲಾದರೂ ಮೊಬೈಲು ಗಂಟನ್ನು ತಿರಸ್ಕರಿಸುತ್ತದೆ. ಆದುದರಿಂದ ಜಿಪ್‌ಅಲೈನ್ ಮೊದಲು, ರುಜು ಅನಂತರ. ಹಿಂದಿನ ಕ್ರಮದಲ್ಲಿ ಗಂಟಿನ ಒಂದೊಂದು ಫೈಲಿಗೂ ಬೇರೆ ಬೇರೆ ಲೆಕ್ಕವಿದ್ದುದರಿಂದ ರುಜು ಮೊದಲು, ಹೊಂದಿಸುವುದು ಆಮೇಲೆ ಎಂದಿತ್ತು. ಹಳೆಯ ಪಾಠವನ್ನು ಓದಿದವರು ಇಂದಿಗೂ ಇಲ್ಲಿ ಎಡವುತ್ತಾರೆ. ತಂದೆತಾಯಿಗಳು ಗಮನಿಸಬೇಕಾದ ಮಾತೊಂದಿದೆ. ಮುದ್ರೆಯು, ಗಂಟನ್ನು ದಾರಿಯಲ್ಲಿ ಯಾರೂ ಬಿಚ್ಚಿಲ್ಲವೆಂದು ಹೇಳುತ್ತದೆಯೇ ಹೊರತು ಕಟ್ಟಿದವನು ಸತ್ಯವಂತನೆಂದು ಹೇಳುವುದಿಲ್ಲ. ಕಳ್ಳನೂ ತನ್ನದೇ ಮುದ್ರೆಯನ್ನು ಮಾಡಿಸಿಕೊಳ್ಳಬಲ್ಲ. ಮದುವೆಯ ಕರೆಯೋಲೆಯೆಂಬ ಹೆಸರಿನಲ್ಲಿ ವಾಟ್ಸ್ಆ್ಯಪಿನಲ್ಲಿ ಬರುವ, ಹೆಸರಿನ ಕೊನೆಗೆ ಎಪಿಕೆ ಎಂದಿರುವ ಫೈಲನ್ನು ಯಾವ ಕಾರಣಕ್ಕೂ ತೆರೆಯಬಾರದು. ಕರೆಯೋಲೆಗೆ ಆ್ಯಪು ಬೇಕಾಗಿಲ್ಲ.

೨೦೧೮ರಲ್ಲಿ ಗೂಗಲ್ ಸಂಸ್ಥೆಯವರು ಆ್ಯಪ್ ಬಂಡಲ್ ಎಂಬ ಹೊಸ ಕ್ರಮವನ್ನು ಪ್ರಕಟಿಸಿದರು. ೨೦೨೧ರ ಆಗಸ್ಟಿನಿಂದ ಗೂಗಲ್ ಪ್ಲೇಗೆ ಬರುವ ಹೊಸ ಆ್ಯಪುಗಳಿಗೆ ಇದೇ ಕಡ್ಡಾಯ. ಇದರಲ್ಲಿ ತಯಾರಕನು ಎಲ್ಲ ಸಾಮಗ್ರಿಯನ್ನೂ ಉಗ್ರಾಣಕ್ಕೆ ಒಪ್ಪಿಸುತ್ತಾನೆ; ಯಾರ ಮೊಬೈಲಿಗೆ ಏನು ಬೇಕೆಂದು ನೋಡಿ ಗಂಟು ಕಟ್ಟಿ ಅಂತಿಮ ರುಜು ಹಾಕುವುದು ಗೂಗಲ್ ಪ್ಲೇಯ ಕೆಲಸ. ವೇಳಾಪಟ್ಟಿಯನ್ನು ನೋಡಿ ಆ ದಿನದ ಪುಸ್ತಕಗಳನ್ನಷ್ಟೇ ಚೀಲಕ್ಕೆ ಹಾಕಿಕೊಳ್ಳುವ ವಿದ್ಯಾರ್ಥಿಯಂತೆ, ಮೊಬೈಲಿನ ಸಂಸ್ಕಾರಕದ ಜಾತಿಗೆ ತಕ್ಕ ಗ್ರಂಥಾಲಯ, ಪರದೆಯ ಸಾಂದ್ರತೆಗೆ ತಕ್ಕ ಚಿತ್ರ, ಅದರ ಭಾಷೆಗೆ ತಕ್ಕ ಮಾತುಗಳು ಮಾತ್ರ ಬರುತ್ತವೆ. ನಾಲ್ಕು ಜಾತಿಯ ಸಂಸ್ಕಾರಕಗಳಿಗೆ ನಾಲ್ಕು ಪ್ರತಿ ಹೊರುತ್ತಿದ್ದ ಗಂಟು ಒಂದನ್ನೇ ಹೊರುವಾಗ ಎಷ್ಟು ಹಗುರಾಗುವುದೆಂದು ಹೇಳಬೇಕಾಗಿಲ್ಲ. ಐಫೋನುಗಳಲ್ಲಿಯೂ ೨೦೧೫ರಿಂದ ಇದನ್ನು ಹೋಲುವ ವ್ಯವಸ್ಥೆಯಿದೆ.

ಅದರ ಭಾಷೆಗೆ ತಕ್ಕ ಮಾತುಗಳು ಎಂದೆನಷ್ಟೆ. ಗಡಿನಾಡಿನವರಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊಬೈಲಿನ ಭಾಷೆ ಎಂದರೆ ಅದರ ಒಡೆಯನ ಮಾತೃಭಾಷೆಯಲ್ಲ. ಸೆಟ್ಟಿಂಗ್ಸಿನಲ್ಲಿ ಆರಿಸಿದ ಭಾಷೆ. ಕಾಸರಗೋಡಿನ ಕನ್ನಡ ಮನೆಯ ಮೊಬೈಲು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರಬಹುದು. ಹೊಸೂರಿನಲ್ಲಿ ತಮಿಳು, ಸೊಲ್ಲಾಪುರದಲ್ಲಿ ಮರಾಠಿ, ಆದವಾನಿಯಲ್ಲಿ ತೆಲುಗು ಇರಬಹುದು. ಆ್ಯಪಿನ ತಯಾರಕನು ಕಷ್ಟಪಟ್ಟು ಕನ್ನಡದ ಮಾತುಗಳನ್ನು ಬರೆದು ಉಗ್ರಾಣಕ್ಕೆ ಒಪ್ಪಿಸಿದ್ದರೂ, ಈ ಮನೆಗಳಿಗೆ ಬರುವ ಗಂಟಿನಲ್ಲಿ ಅವು ಇರುವುದಿಲ್ಲ. ಆ್ಯಪಿನೊಳಗೆ ‘ಕನ್ನಡ’ ಎಂಬ ಗುಂಡಿ ಇರುತ್ತದೆ, ಮಗು ಒತ್ತುತ್ತದೆ, ಏನೂ ಆಗುವುದಿಲ್ಲ. ಬೆಂಗಳೂರಿನ ಮೇಜಿನಲ್ಲಿ, ಕನ್ನಡಕ್ಕೆ ಹೊಂದಿಸಿದ ಮೊಬೈಲಿನಲ್ಲಿ ಪರೀಕ್ಷಿಸಿದವನಿಗೆ ಈ ದೋಷ ಎಂದಿಗೂ ಕಾಣದು.

ಪರಿಹಾರ ಕಷ್ಟದ್ದಲ್ಲ. ಭಾಷೆಗೆ ಅನುಸಾರವಾಗಿ ಹರಿಯಬೇಡ ಎಂದು ಬಂಡಲಿನ ಸೂಚನೆಯಲ್ಲಿ ಒಂದು ಮಾತು ಬರೆದರೆ ಎಲ್ಲ ಭಾಷೆಗಳೂ ಎಲ್ಲರಿಗೂ ಹೋಗುತ್ತವೆ. ಇಲ್ಲವೇ ಗುಂಡಿ ಒತ್ತಿದೊಡನೆ ಆ ಭಾಷೆಯನ್ನು ತರಿಸಿಕೊಳ್ಳುವ ಏರ್ಪಾಡು ಮಾಡಬಹುದು. ಕನ್ನಡ ಪಾಠಕ್ಕೆಂದೇ ಇರುವ ಆ್ಯಪಾದರೆ ಕನ್ನಡವನ್ನೇ ಮೂಲಭಾಷೆಯಾಗಿ ಇಡುವುದು ಮೇಲು; ಮೂಲಭಾಷೆಯ ಮಾತುಗಳು ಎಲ್ಲ ಗಂಟುಗಳಲ್ಲಿಯೂ ಇದ್ದೇ ಇರುತ್ತವೆ.

ಹಾಗೆ ಮಾಡಿದರೆ ತೂಕ ಹೆಚ್ಚುವುದಿಲ್ಲವೆ ಎಂದು ಕೇಳುವವರಿಗೆ ಲೆಕ್ಕವನ್ನೇ ಮುಂದಿಡೋಣ. ಕನ್ನಡದ ಸಂಕೇತಾಕ್ಷರ ಒಂದಕ್ಕೆ ಯುಟಿಎಫ್-೮ ಕ್ರಮದಲ್ಲಿ ಮೂರು ಬೈಟು ಬೇಕು. ‘ಕನ್ನಡ’ ಎಂಬಲ್ಲಿ ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೆ ನ, ಡ ಹೀಗೆ ಐದು ಸಂಕೇತಗಳು, ಹದಿನೈದು ಬೈಟುಗಳು. ಒಂದು ಆ್ಯಪಿನಲ್ಲಿ ಸಾವಿರ ವಾಕ್ಯಗಳಿದ್ದು ಒಂದೊಂದರಲ್ಲಿ ನಲವತ್ತು ಸಂಕೇತಗಳಿದ್ದರೂ ಒಟ್ಟು ೧,೨೦,೦೦೦ ಬೈಟು. ಮೇಲೆ ಹೇಳಿದ ಒಂದು ನಿಮಿಷದ ಒತ್ತದ ಧ್ವನಿಯಲ್ಲಿ ಇಂತಹ ಎಂಬತ್ತೆಂಟು ಭಾಷೆಗಳನ್ನು ಇಡಬಹುದು! ಗಂಟನ್ನು ಹಗುರ ಮಾಡುತ್ತೇನೆಂದು ಉಳಿಸಬೇಕಾದ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷು, ಹಿಂದಿ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ತಯಾರಕನು ಉಳಿಸುವುದು ಒಂದು ಓಪಸ್ ಪದ್ಯದಷ್ಟೂ ಅಲ್ಲ.

ಫಾಂಟಿನಲ್ಲಿಯೂ ಇಂಥದೇ ಒಂದು ಅಪಾಯವಿದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳಷ್ಟೇ. ಆದರೆ ಒತ್ತಕ್ಷರಗಳಿಗೂ ಗುಣಿತದ ಸಂಯುಕ್ತರೂಪಗಳಿಗೂ ಅಲ್ಲಿ ಬೇರೆ ಸ್ಥಾನಗಳಿಲ್ಲ. ಆ ಆಕೃತಿಗಳೆಲ್ಲ ಫಾಂಟಿನೊಳಗೆ ಇದ್ದು, ಕೂಡಿಸುವ ನಿಯಮಗಳ ಮೂಲಕ ಮಾತ್ರ ಹೊರಬರುತ್ತವೆ. ಫಾಂಟನ್ನು ಕತ್ತರಿಸಿ ಚಿಕ್ಕದು ಮಾಡುವವನು ಈ ನಿಯಮಗಳನ್ನು ಅನುಸರಿಸದೆ, ಸ್ಥಾನವಿರುವ ಅಕ್ಷರಗಳನ್ನಷ್ಟೇ ಉಳಿಸಿದರೆ, ‘ಅಕ್ಕ’ ಎಂದು ಬರೆದುದು ‘ಅಕ್‌ಕ’ ಎಂದು ಕಾಣುತ್ತದೆ. ಅಕ್ಷರ ಕಲಿಯುವ ಮಗು ಅದನ್ನೇ ಸರಿಯೆಂದು ಬರೆದುಕೊಂಡು ಬಂದರೆ ಉಪಾಧ್ಯಾಯರು ಯಾರನ್ನು ದೂರಬೇಕು? ಇಂದಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡ ಫಾಂಟು ಮೊದಲೇ ಇರುವುದರಿಂದ, ವಿಶೇಷ ಕಾರಣವಿಲ್ಲದೆ ಬೇರೆ ಫಾಂಟನ್ನು ಹೊರಿಸದಿರುವುದೇ ಹಗುರವೂ ಕ್ಷೇಮವೂ ಆದ ದಾರಿಯೆಂದು ನನ್ನ ಅಭಿಪ್ರಾಯ.

ಬಿಡುಗಡೆಗೆ ಮುಂಚೆ ಗಂಟನ್ನು ನಿಜವಾದ ಮೊಬೈಲಿನಲ್ಲಿ ಪರೀಕ್ಷಿಸಬೇಕಾದುದು ಇದರಿಂದ ಸ್ಪಷ್ಟ. ಹೊಚ್ಚಹೊಸ ದುಬಾರಿ ಮೊಬೈಲಿನಲ್ಲಿ ಓಡಿತೆಂದರೆ ಏನೂ ತಿಳಿದಂತಾಗಲಿಲ್ಲ. ಜಾಗ ತುಂಬಿದ ಹಳೆಯ ಮೊಬೈಲಿನಲ್ಲಿ, ಭಾಷೆಯನ್ನು ಮಲಯಾಳಕ್ಕೋ ಮರಾಠಿಗೋ ಹೊಂದಿಸಿ, ಶೋಧಿಸಿ ರುಜು ಹಾಕಿದ ಕೊನೆಯ ಗಂಟನ್ನೇ ಸ್ಥಾಪಿಸಿ, ಎಲ್ಲ ಪಾಠಗಳನ್ನೂ ತೆರೆದು ನೋಡಬೇಕು. ನಮ್ಮ ಶಾಲೆಗಳಿಂದ ಹೊರಟು ಮುಂದೆ ಈ ಉದ್ಯೋಗಕ್ಕೆ ಹೋಗುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಈ ಕೊನೆಯ ಮಾತನ್ನು ಅವರಿಗೆಂದೇ ಬರೆದಿದ್ದೇನೆ.

ತಂದೆತಾಯಿಗಳು ಇಂದೇ ಮಾಡಬಹುದಾದ ಕೆಲಸವೊಂದಿದೆ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಭಾಷೆಗಳ ಪಟ್ಟಿಯನ್ನು ತೆರೆದರೆ ಹೊಸ ಭಾಷೆಯನ್ನು ಸೇರಿಸುವ ಅವಕಾಶ ಕಾಣುತ್ತದೆ. ೨೦೧೬ರ ಆಂಡ್ರಾಯ್ಡ್ ೭ರಿಂದ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಅಲ್ಲಿ ಇಡಬಹುದು. ಮೊದಲನೆಯದು ಇಂಗ್ಲಿಷೋ ಮಲಯಾಳವೋ ಆಗಿಯೇ ಇರಲಿ, ಎರಡನೆಯದಾಗಿ ಕನ್ನಡವನ್ನು ಸೇರಿಸಿರಿ. ಗೂಗಲ್ ಪ್ಲೇ ಗಂಟು ಕಟ್ಟುವಾಗ ಆ ಪಟ್ಟಿಯಲ್ಲಿರುವ ಎಲ್ಲ ಭಾಷೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ತಯಾರಕನು ಬರೆದಿಟ್ಟ ಕನ್ನಡದ ಮಾತುಗಳು ನಿಮ್ಮ ಮನೆಯ ಮೊಬೈಲಿಗೂ ಬರುತ್ತವೆ.